ಕರ್ವೆ ರೋಡಿನ ಜೀಬ್ರಾ ಪಟ್ಟಿ ಬರೀ ರಂಗೋಲಿನಾ?

ಪ್ರಶ್ನೆ: ಸರ್, ನಾವು ಪುಣೆಯ ಕೋಥ್ರೂಡ್‌ನಲ್ಲಿದೀವಿ, ಊರು ಧಾರವಾಡ. ಅತ್ತೆಗೆ 74 ವರ್ಷ, ಮಂಡಿ ನೋವು, ಕೋಲು ಹಿಡ್ಕೊಂಡು ನಡೀತಾರೆ. ದಿನಾ ಸಂಜೆ ಕರ್ವೆ ರೋಡ್ ದಾಟಿ ಆಚೆ ದೇವಸ್ಥಾನಕ್ಕೆ ಹೋಗಬೇಕು. ಜೀಬ್ರಾ ಕ್ರಾಸಿಂಗ್ ಮೇಲೇ ನಿಂತಿದ್ರೂ ಒಂದು ಗಾಡಿನೂ ನಿಲ್ಲಲ್ಲ, ಕೈ ತೋರಿಸಿದ್ರೆ ಹಾರ್ನ್ ಹೊಡೀತಾರೆ. ಹೋದ ವಾರ ಒಂದು ಸ್ಕೂಟರ್ ಅವರ ಕೋಲಿಗೆ ತಾಗಿಸ್ಕೊಂಡೇ ಹೋಯ್ತು, ಹಿಂದಕ್ಕೂ ತಿರುಗಿ ನೋಡ್ಲಿಲ್ಲ. "ಇವಕ್ಕೇನ್ ಮನ್ಯಾಗ ಅಜ್ಜಿ ಇಲ್ಲೇನು" ಅಂತ ಅತ್ತೆ ಬೈಕೊಂಡು ವಾಪಸ್ ಬಂದ್ರು. ಇದಕ್ಕೆ ಕಾನೂನು ಅಂತ ಏನಾದ್ರೂ ಇದ್ಯಾ, ಇಲ್ಲ ಆ ಪಟ್ಟಿ ಬರೀ ರಂಗೋಲಿನಾ? ಇನ್ನೊಂದು, ನಮ್ಮನೆಯವರು ಕಾರ್ ಓಡಿಸುವಾಗ ಅವರೂ ನಿಲ್ಲಿಸಲ್ಲ. ಕೇಳಿದ್ರೆ "ನಿಲ್ಸಿದ್ರೆ ಹಿಂದಿನೋನು ಬಂದು ಗುದ್ದುತ್ತಾನೆ" ಅಂತಾರೆ. ಅದೂ ಪೂರ್ತಿ ಸುಳ್ಳು ಅನ್ಸಲ್ಲ. ನಾವೇನು ಮಾಡ್ಬೇಕು?

ಉತ್ತರ: ರಂಗೋಲಿ ಅನ್ನೋ ಮಾತು ಓದಿ ಮೊದಲು ನಗು ಬಂತು, ಆಮೇಲೆ ಸ್ವಲ್ಪ ಚುಚ್ಚಿತು, ಯಾಕಂದ್ರೆ ಆ ರಂಗೋಲಿ ಹಾಕಿಸೋದೇ ನನ್ನ ಹೊಟ್ಟೆಪಾಡು. ರಸ್ತೆ ಡಿಸೈನ್ ಕೆಲಸಕ್ಕೆ ಬಂದು ಇಪ್ಪತ್ತು ವರ್ಷದ ಮೇಲಾಯ್ತು, ಅದರಲ್ಲಿ ಜಾಸ್ತಿ ಪಾಲು ಪುಣೆಯಲ್ಲೇ ಕಳೆದಿದೀನಿ. ಗಣೇಶನಗರದ ಕನ್ನಡ ಸಂಘದ ಕಾರ್ಯಕ್ರಮ ಮುಗಿಸ್ಕೊಂಡು ನಳ್ ಸ್ಟಾಪ್ ಕಡೆ ನಡ್ಕೊಂಡು ಬರುವಾಗ ನಾನೂ ನಿಮ್ಮ ಅತ್ತೆ ಥರಾನೇ ಅಂಚಲ್ಲಿ ನಿಂತು ಬಲಗಡೆ ನೋಡ್ತಾ, ಒಂದು ಕಾಲು ಕೆಳಗಿಟ್ಟು ಮತ್ತೆ ಮೇಲಕ್ಕೆ ಎಳ್ಕೊಂಡು, ಐದೈದು ನಿಮಿಷ ಕಾದಿದ್ದುಂಟು. ಹಾಗಾಗಿ ಇದನ್ನ ಪುಸ್ತಕ ನೋಡಿ ಹೇಳ್ತಿಲ್ಲ.

ಕಾನೂನು ಇದೆ, ನೀವಂದ್ಕೊಂಡಿದ್ದಕ್ಕಿಂತ ಗಟ್ಟಿಯಾಗೇ ಇದೆ. 1989ರ ಹಳೇ ನಿಯಮಾವಳಿಯಲ್ಲಿ ಕ್ರಾಸಿಂಗ್ ಹತ್ರ ಬಂದಾಗ ಸ್ಲೋ ಮಾಡಿ, ಯಾರಿಗೂ ಅಪಾಯ ಆಗದ ಹಾಗೆ ನೋಡ್ಕೊಂಡು ಮುಂದೆ ಹೋಗಿ ಅನ್ನೋ ಧಾಟಿ ಇತ್ತು. 2017ರಲ್ಲಿ ಅದರ ಜಾಗಕ್ಕೆ ಹೊಸ ಡ್ರೈವಿಂಗ್ ರೆಗ್ಯುಲೇಶನ್ಸ್ ಬಂತು. ಅದರ ಪ್ರಕಾರ ಸಿಗ್ನಲ್ ಇಲ್ಲದ ಕ್ರಾಸಿಂಗ್ ಹತ್ರ ಬರೋ ಡ್ರೈವರ್ ಸ್ಲೋ ಮಾಡಬೇಕು, ನಿಲ್ಲಿಸಬೇಕು, ನಡ್ಕೊಂಡು ಹೋಗೋರಿಗೂ ವೀಲ್‌ಚೇರ್‌ನಲ್ಲಿ ಹೋಗೋರಿಗೂ ದಾರಿ ಬಿಡಬೇಕು. "ಸಾಧ್ಯವಾದರೆ", "ಅನುಕೂಲ ನೋಡಿಕೊಂಡು" ಅಂತೆಲ್ಲ ಏನೂ ಇಲ್ಲ. ಮುಂದೆ ಟ್ರಾಫಿಕ್ ಜಾಮ್ ಆಗಿದ್ರೆ ಪಟ್ಟಿ ಮೇಲೆ ಗಾಡಿ ತಂದು ನಿಲ್ಲಿಸೋದೂ ತಪ್ಪು, ಇದನ್ನ ಮಾಡದೇ ಇರೋ ಒಬ್ಬ ಮನುಷ್ಯ ಪುಣೆಯಲ್ಲಿ ಸಿಕ್ಕಿದ್ರೆ ನನಗೆ ಪರಿಚಯ ಮಾಡಿಸಿ. ಈ ನಿಯಮ ಮುರಿದ್ರೆ 2019ರ ತಿದ್ದುಪಡಿ ಆದ್ಮೇಲೆ ಮೋಟಾರು ವಾಹನ ಕಾಯ್ದೆಯ 177ಎ ಕಲಂ ಪ್ರಕಾರ 500ರಿಂದ 1000 ರೂಪಾಯಿ ದಂಡ, ಕೆಂಪು ದೀಪ ಹಾರಿಸ್ಕೊಂಡು ಬಂದಿದ್ರೆ 184ನೇ ಕಲಂ, ಅಂದ್ರೆ ಅಪಾಯಕಾರಿ ಚಾಲನೆ, 1000ದಿಂದ 5000 ರೂಪಾಯಿ, ಜೈಲೂ ಆಗಬಹುದು.

ಇಷ್ಟೆಲ್ಲ ಇದ್ದೂ ನಿಮ್ಮ ಅತ್ತೆಗೆ ಒಂದು ಗಾಡಿನೂ ನಿಲ್ಲಲ್ಲ. ಯಾಕೆ ಅಂತ ಕೇಳಿದ್ರೆ ಎಲ್ಲರೂ ಕೊಡೋ ರೆಡಿಮೇಡ್ ಉತ್ತರ "ನಮ್ಮ ಜನಕ್ಕೆ ಸಿವಿಕ್ ಸೆನ್ಸ್ ಇಲ್ಲ". ನನಗೆ ಈ ಮಾತು ಕೇಳಿದ್ರೇ ಮೈ ಉರಿಯತ್ತೆ. ಇದೇ ಪುಣೆಯ ಇದೇ ಜನ ದುಬೈಗೋ ಸಿಂಗಾಪುರಕ್ಕೋ ಹೋಗಿ ಬಾಡಿಗೆ ಕಾರ್ ತಗೊಂಡ್ರೆ ಮೊದಲನೇ ದಿನದಿಂದಾನೇ ಪಟ್ಟಿ ಮುಂದೆ ನಿಲ್ಲಿಸ್ತಾರೆ. ಏರ್‌ಪೋರ್ಟ್‌ನಲ್ಲಿ ಸಂಸ್ಕಾರ ಹಂಚ್ತಾರಾ? ಇಲ್ಲ, ಅಲ್ಲಿ ನಿಲ್ಲದೇ ಹೋದ್ರೆ ಏನಾಗತ್ತೆ ಅಂತ ಗೊತ್ತು, ಮತ್ತೆ ಅಲ್ಲಿನ ರಸ್ತೆನೇ ಅವರನ್ನ ನಿಧಾನ ಮಾಡಿಸಿರತ್ತೆ. ನನ್ನ ಪ್ರಕಾರ ಈ ಎರಡನೇದೇ ದೊಡ್ಡದು, ಅದರ ಬಗ್ಗೇನೇ ಜಾಸ್ತಿ ಹೇಳ್ತೀನಿ.

ಸ್ವಲ್ಪ ಲೆಕ್ಕ ಮಾಡೋಣ, ಕಷ್ಟದ್ದೇನಲ್ಲ. ಗಂಟೆಗೆ 30 ಕಿಲೋಮೀಟರ್ ಅಂದ್ರೆ ಸೆಕೆಂಡಿಗೆ 8 ಮೀಟರ್ ಚಿಲ್ಲರೆ. ಡ್ರೈವರ್ ಅಜ್ಜಿನ ನೋಡಿ, "ಓ, ಯಾರೋ ಇದಾರೆ" ಅಂತ ತಲೆಗೆ ಹೋಗಿ ಕಾಲು ಬ್ರೇಕ್ ಮೇಲೆ ಬರೋಷ್ಟರಲ್ಲಿ ಒಂದು ಸೆಕೆಂಡ್, ಆಮೇಲೆ ಗಾಡಿ ನಿಲ್ಲೋಕೆ ಇನ್ನೊಂದು ಐದಾರು ಮೀಟರ್, ಒಟ್ಟು 14 ಮೀಟರ್ ಆಸುಪಾಸು, ಒಂದು ಬಸ್ಸಿಗಿಂತ ಸ್ವಲ್ಪ ಉದ್ದ ಅಂದ್ಕೊಳ್ಳಿ. ಅದೇ 50ರಲ್ಲಿ ಬರ್ತಿದ್ರೆ ಒಂದು ಸೆಕೆಂಡಿನಲ್ಲೇ 14 ಮೀಟರ್ ಹೋಗಿಬಿಟ್ಟಿರತ್ತೆ, ಬ್ರೇಕ್ ಇನ್ನೂ ಮುಟ್ಟಿರಲ್ಲ! ನಿಲ್ಲೋಷ್ಟರಲ್ಲಿ 28, 30 ಮೀಟರ್. ಮಳೆಗಾಲದಲ್ಲಿ ಅದಕ್ಕೂ ಜಾಸ್ತಿ. ಅಂದ್ರೆ 30ರಲ್ಲಿ ಬರೋನಿಗೆ ನಿಲ್ಲಿಸೋದು ಕೈಯಲ್ಲಿರೋ ಕೆಲಸ, 50ರಲ್ಲಿ ಬರೋನಿಗೆ ಅದು ತಲೆನೋವು, ಹಾಗಾಗಿ ಅವನು ನಿಮ್ಮ ಅತ್ತೆ ಹೆದರಿ ಹಿಂದೆ ಸರೀತಾರೆ ಅನ್ನೋ ಧೈರ್ಯದ ಮೇಲೆ ಹಾರ್ನ್ ಒತ್ತುತ್ತಾನೆ. ಹಾರ್ನ್ ಒತ್ತೋಕೆ ಬ್ರೇಕಿಗಿಂತ ಕಮ್ಮಿ ಶ್ರಮ. ಇದರ ಮೇಲೆ 2018ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಆದೇಶದಲ್ಲಿ ನಗರದೊಳಗೆ ಕಾರಿಗೆ ಗರಿಷ್ಠ 70, ಬೈಕಿಗೆ 60 ಅಂತ ಬರ್ಕೊಂಡು ಕೂತಿದಾರೆ, ಬೇಕಾದ ಕಡೆ ಕಮ್ಮಿ ಮಾಡೋ ಅಧಿಕಾರ ಸ್ಥಳೀಯರಿಗೆ ಇದೆ ಅನ್ನೋದು ನಿಜ, ಆದ್ರೆ ಆ ಬೋರ್ಡ್ ನಿಮ್ಮ ಕ್ರಾಸಿಂಗ್ ಹತ್ರ ಇದ್ಯಾ ನೋಡಿ.

ಈಗ ಅತ್ತೆ ಕಡೆಯಿಂದ ಲೆಕ್ಕ. ಸಿಗ್ನಲ್ ಟೈಮಿಂಗ್ ಮಾಡುವಾಗ ನಾವು ಇಂಜಿನಿಯರ್‌ಗಳು ಮನುಷ್ಯ ಸೆಕೆಂಡಿಗೆ 1.2 ಮೀಟರ್ ನಡೀತಾನೆ ಅಂತ ಹಿಡೀತೀವಿ. ಆ 'ಮನುಷ್ಯ' ಆಫೀಸಿಗೆ ಲೇಟಾಗಿರೋ ಮೂವತ್ತರ ಹುಡುಗ. ಕೋಲು ಹಿಡಿದಿರೋ ಅಜ್ಜಿ 0.8 ನಡೆದ್ರೆ ಹೆಚ್ಚು. ಡಿವೈಡರ್‌ವರೆಗೆ 10 ಮೀಟರ್ ಅಂದ್ಕೊಂಡ್ರೆ ಹನ್ನೆರಡೂವರೆ ಸೆಕೆಂಡ್ ಬೇಕು. ಅಷ್ಟರಲ್ಲಿ 40ರ ಸ್ಪೀಡಿನ ಗಾಡಿ ಹತ್ತತ್ರ 140 ಮೀಟರ್ ಬಂದಿರತ್ತೆ. ಅಂದ್ರೆ ಯಾರೂ ನಿಲ್ಲಿಸಲ್ಲ ಅನ್ನೋದಾದ್ರೆ ಅತ್ತೆ ಸೇಫಾಗಿ ದಾಟೋಕೆ ಕರ್ವೆ ರೋಡಲ್ಲಿ ಬಲಗಡೆ 140 ಮೀಟರ್ ಖಾಲಿ ರಸ್ತೆ ಬೇಕು. ಸಂಜೆ ಏಳಕ್ಕೆ! ಗಣಪತಿ ವಿಸರ್ಜನೆಗೆ ರಸ್ತೆ ಬಂದ್ ಮಾಡಿದ ದಿನ ಬಿಟ್ರೆ ಅಷ್ಟು ಖಾಲಿ ನಾನಂತೂ ನೋಡಿಲ್ಲ. ಅದಕ್ಕೇ "ಗ್ಯಾಪ್ ನೋಡ್ಕೊಂಡು ದಾಟಿ" ಅನ್ನೋ ಬುದ್ಧಿಮಾತು ವಯಸ್ಸಾದವರಿಗೆ ಹೇಳೋದೇ ತಪ್ಪು, ಗ್ಯಾಪ್ ಇರೋದೇ ಇಲ್ಲ, ಯಾರಾದ್ರೂ ನಿಂತು ಗ್ಯಾಪ್ ಮಾಡಿಕೊಡಬೇಕು.

ಒಂದು ಸಣ್ಣ ಕಥೆ ಹೇಳ್ಬಿಡ್ತೀನಿ. ಈ ಕಪ್ಪು ಬಿಳಿ ಪಟ್ಟಿ ಅಧಿಕೃತವಾಗಿ ಶುರುವಾಗಿದ್ದು ಇಂಗ್ಲೆಂಡಿನ ಸ್ಲೌ ಅನ್ನೋ ಊರಲ್ಲಿ, 1951ರ ಅಕ್ಟೋಬರ್ ಕೊನೇ ದಿನ. ಆದ್ರೆ ಅದಕ್ಕೆ ಹದಿನೇಳು ವರ್ಷ ಮೊದಲೇ, 1934ರಲ್ಲೇ, ಅಲ್ಲಿ ಕ್ರಾಸಿಂಗ್‌ನ ಎರಡೂ ಕಡೆ ಕಂಬದ ತುದೀಲಿ ಕಿತ್ತಳೆ ಬಣ್ಣದ ಗುಂಡು ನಿಲ್ಲಿಸಿದ್ರು. ಕಂಬ ನಡೆಯೋರಿಗೆ ಕಾಣ್ತಿತ್ತು, ರಸ್ತೆ ಮೇಲಿನ ಗುರುತು ಡ್ರೈವರಿಗೆ ಸರಿಯಾಗಿ ಕಾಣ್ತಿರಲಿಲ್ಲ, ಅದಕ್ಕೆ ಪಟ್ಟಿ ಸೇರಿಸಿದ್ದು. ನಾವೇನ್ ಮಾಡಿದ್ವಿ ಅಂದ್ರೆ ಕಂಬ, ದೀಪ, ಪೊಲೀಸು, ದಂಡ ಎಲ್ಲ ಬಿಟ್ಟು ಎಲ್ಲಕ್ಕಿಂತ ಅಗ್ಗದ್ದು ಯಾವುದೋ ಅದನ್ನ ಮಾತ್ರ ತಗೊಂಡ್ವಿ. ಅದೂ ಬಿಸಿ ಥರ್ಮೋಪ್ಲಾಸ್ಟಿಕ್ ಪೇಂಟು ಸರಿಯಾಗಿ ಹಾಕಿ, ರಾತ್ರಿ ಹೊಳೆಯೋಕೆ ಮೇಲೆ ಗಾಜಿನ ಮಣಿ ಉದುರಿಸಿದ್ರೆ ಬಾಳಿಕೆ ಬರತ್ತೆ, ಮಾಮೂಲಿ ಪೇಂಟ್ ಬಳಿದ್ರೆ ಒಂದೇ ಮಳೆಗಾಲ. ಆಮೇಲೆ ಯಾರೋ ಪೈಪ್‌ಲೈನಿಗೆ ಅಗೀತಾರೆ, ಡಾಂಬರು ತೇಪೆ ಬೀಳತ್ತೆ, ಅರ್ಧ ಜೀಬ್ರಾ ಉಳಿಯತ್ತೆ.

ನಿಮ್ಮನೆಯವರ ಮಾತಿಗೆ ಬರ್ತೀನಿ. "ನಿಲ್ಸಿದ್ರೆ ಹಿಂದಿನೋನು ಗುದ್ದುತ್ತಾನೆ" ಅನ್ನೋದು ನೆಪ ಅಲ್ಲ, ಹಾಗೆ ಆಗತ್ತೆ. ಆದ್ರೆ ಅದು ಆಗೋದು ಪಟ್ಟಿ ಹತ್ರ ಬಂದು ಕೊನೇ ಕ್ಷಣದಲ್ಲಿ ಗಕ್ಕಂತ ಬ್ರೇಕ್ ಹೊಡೆದಾಗ. ಅವರಿಗೆ ಹೇಳಿ, ಪಟ್ಟಿ ಕಾಣಿಸಿದ ತಕ್ಷಣ, ಒಂದು ಐವತ್ತು ಮೀಟರ್ ಮುಂಚೆನೇ ಆಕ್ಸಿಲರೇಟರ್ ಬಿಡಬೇಕು, ಕನ್ನಡಿ ನೋಡಬೇಕು, ಬ್ರೇಕನ್ನ ಎರಡು ಸಲ ಮೆಲ್ಲಗೆ ಒತ್ತಿ ಬಿಡಬೇಕು, ಹಿಂದಿನೋನ ಕಣ್ಣಿಗೆ ಕೆಂಪು ಲೈಟು ಮಿನುಗಲಿ. ಬಲಗೈ ಕಿಟಕಿಯಿಂದ ಹೊರಗೆ ಹಾಕಿ ನಿಧಾನ ಅಂತ ತೋರಿಸಿದ್ರೆ ಇನ್ನೂ ಒಳ್ಳೇದು, ಹಳೇ ಡ್ರೈವಿಂಗ್ ಸ್ಕೂಲ್ ಪಾಠ, ಈಗ ಎಸಿ ಬಂದು ಎಲ್ಲರ ಕಿಟಕಿನೂ ಮುಚ್ಚಿದೆ. ಮತ್ತೆ ಪಟ್ಟಿಗೆ ಮೂಗು ತಾಗಿಸಿ ನಿಲ್ಲಬಾರದು, ಐದಾರು ಮೀಟರ್ ಹಿಂದೆನೇ ನಿಲ್ಲಬೇಕು. ಯಾಕೆ ಅಂತ ಈಗ ಹೇಳ್ತೀನಿ, ಈ ಇಡೀ ಉತ್ತರದಲ್ಲಿ ಬೇರೆಲ್ಲ ಮರೆತ್ರೂ ಇದೊಂದು ನೆನಪಿಟ್ಕೊಳ್ಳಿ.

ಕೆಲವು ವರ್ಷದ ಹಿಂದೆ ಒಂದು ಚೌಕದ ಹತ್ರ ಟ್ರಾಫಿಕ್ ಕೌಂಟಿಂಗ್‌ಗೆ ನಿಂತಿದ್ದೆ, ಕೈಯಲ್ಲಿ ಪ್ಯಾಡು, ಪಕ್ಕದಲ್ಲಿ ಒಬ್ಬ ಹೂ ಮಾರೋ ಆಯಿ. ಸ್ಕೂಲ್ ಬಿಟ್ಟ ಹೊತ್ತು. ಎರಡು ಜಡೆ ಹುಡುಗಿ, ಆರನೇ ಕ್ಲಾಸಿರಬಹುದು, ಬೆನ್ನಿಗೆ ತನಗಿಂತ ದೊಡ್ಡ ಬ್ಯಾಗು, ಪಟ್ಟಿ ಹತ್ರ ಬಂದು ನಿಂತ್ಲು. ಫುಟ್‌ಪಾತ್ ಪಕ್ಕದ ಲೇನಲ್ಲಿ ಬರ್ತಿದ್ದ ಸಿಟಿ ಬಸ್ ಡ್ರೈವರ್ ಬಂಗಾರದಂಥ ಮನುಷ್ಯ, ಬಸ್ ನಿಲ್ಲಿಸಿ ಕೈಯಲ್ಲಿ "ಹೋಗು ಹೋಗು" ಅಂತ ಸನ್ನೆ ಮಾಡಿದ. ಹುಡುಗಿ ಖುಷಿಯಿಂದ ಓಡಿದ್ಲು. ಬಸ್ಸಿನ ಆ ಕಡೆ ಲೇನಲ್ಲಿ ಒಂದು ಸ್ಕೂಟರ್, ಬಸ್ಸು ಯಾಕೋ ನಿಂತಿದೆ, ಪ್ಯಾಸೆಂಜರ್ ಇಳಿಸ್ತಿರಬೇಕು ಅಂದ್ಕೊಂಡು ಸ್ಪೀಡ್ ಕಮ್ಮಿ ಮಾಡದೇ ಬಂತು. ಅವನಿಗೆ ಹುಡುಗಿ ಕಾಣಲ್ಲ, ಹುಡುಗಿಗೆ ಅವನು ಕಾಣಲ್ಲ, ಮಧ್ಯ ಹನ್ನೆರಡು ಮೀಟರ್ ಉದ್ದದ ಕೆಂಪು ಗೋಡೆ. ಆ ಆಯಿ ಅದ್ಯಾವ ಮಾಯದಲ್ಲಿ ಎದ್ದಿದ್ಲೋ, ಬಸ್ಸಿನ ಮೂಗು ದಾಟೋ ಮುಂಚೆ ಹುಡುಗಿ ಬ್ಯಾಗ್ ಹಿಡಿದು ಹಿಂದಕ್ಕೆ ಎಳೆದ್ಲು. ಸ್ಕೂಟರ್ ಹೋಯ್ತು. ಬುಟ್ಟಿ ಮಗುಚಿ ಶೇವಂತಿಗೆ ಎಲ್ಲ ರಸ್ತೆ ಮೇಲೆ. ನಾನು ಪ್ಯಾಡ್ ಹಿಡ್ಕೊಂಡು ನಿಂತಲ್ಲೇ ನಿಂತಿದ್ದೆ, ಕಾಲೇ ಬರ್ಲಿಲ್ಲ.

ಒಬ್ಬ ನಿಲ್ಲಿಸಿದಾಗ ಪಕ್ಕದ ಲೇನ್‌ನೋನು ನಿಲ್ಲಿಸದೇ ಬರೋದು, ಎರಡೂ ಮೂರೂ ಲೇನ್ ಇರೋ ರಸ್ತೆಯಲ್ಲಿ ಇದಕ್ಕಿಂತ ದೊಡ್ಡ ಅಪಾಯ ಇಲ್ಲ. ಒಳ್ಳೇತನನೇ ಇಲ್ಲಿ ಬಲೆ ಆಗತ್ತೆ. ಅದಕ್ಕೇ ನಿಮ್ಮನೆಯವರು ಪಟ್ಟಿಗಿಂತ ಸಾಕಷ್ಟು ಹಿಂದೆ ನಿಲ್ಲಬೇಕು, ಆಗ ಪಕ್ಕದ ಲೇನ್‌ನೋನಿಗೂ ದಾಟ್ತಿರೋರು ಕಾಣ್ತಾರೆ. ಅಮೆರಿಕದಲ್ಲಿ ಇಂಥ ಅಗಲ ರಸ್ತೆಗಳಲ್ಲಿ ನಿಲ್ಲೋ ಗೆರೆಯನ್ನೇ ಪಟ್ಟಿಗಿಂತ 6ರಿಂದ 15 ಮೀಟರ್ ಹಿಂದೆ ಎಳೀತಾರೆ. ಮತ್ತೆ ದಯವಿಟ್ಟು ಯಾರಿಗೂ "ಹೋಗಿ ಹೋಗಿ" ಅಂತ ಕೈ ಬೀಸಬೇಡಿ. ನಿಮ್ಮ ಲೇನಿಗೆ ನೀವು ಜವಾಬ್ದಾರಿ, ಪಕ್ಕದ ಲೇನಿಗೆ ಗ್ಯಾರಂಟಿ ಕೊಡೋಕೆ ನಿಮಗೆ ಆಗಲ್ಲ. ನಿಲ್ಲಿಸಿ, ಸುಮ್ನೆ ಕೂತ್ಕೊಳ್ಳಿ, ಅವರೇ ನೋಡಿ ದಾಟ್ತಾರೆ.

ಸರಿ, ಅತ್ತೇನ ದಾಟಿಸೋದು ಹೇಗೆ.

ಮೊದಲನೇದಾಗಿ ನಿಮ್ಮ ಅದೃಷ್ಟಕ್ಕೆ ಕರ್ವೆ ರೋಡಿನ ಒಂದು ಭಾಗದ ಮೇಲೆ ಮೆಟ್ರೋ ಇದೆ. ನಳ್ ಸ್ಟಾಪ್, ಗರ್ವಾರೆ ಕಾಲೇಜ್, ಈ ಸ್ಟೇಷನ್‌ಗಳಲ್ಲಿ ಒಂದು ಕಡೆ ಲಿಫ್ಟ್ ಹತ್ತಿ ಟಿಕೆಟ್ ಗೇಟಿನ ಹೊರಗಡೆಯಿಂದಾನೇ ನಡೆದು ಇನ್ನೊಂದು ಕಡೆ ಇಳಿಯೋಕೆ ಆಗತ್ತಾ ಅಂತ ಒಂದು ಸಲ ನೀವೇ ಹೋಗಿ ನೋಡ್ಕೊಂಡು ಬನ್ನಿ. ಇನ್ನೂರು ಹೆಜ್ಜೆ ಸುತ್ತು ಆದ್ರೂ ಅತ್ತೆಗೆ ಅದೇ ವಾಸಿ, ಲಿಫ್ಟ್ ನಡೀತಿದ್ರೆ ಅನ್ನೋದೊಂದೇ ಷರತ್ತು. ಅದು ದೂರ ಆದ್ರೆ ಸಿಗ್ನಲ್ ಇರೋ ಚೌಕಕ್ಕೆ ಹೋಗಿ, ಮಧ್ಯ ರಸ್ತೆಯ ಒಂಟಿ ಪಟ್ಟಿ ಬೇಡ. ಸಿಗ್ನಲ್‌ನಲ್ಲಿ ಆಗಲೇ ಓಡ್ತಿರೋ ಹಸಿರಿಗೆ ಇಳೀಬೇಡಿ, ಕೆಂಪಾಗಿ ಮತ್ತೆ ಹೊಸದಾಗಿ ಹಸಿರು ಬರೋವರೆಗೆ ಕಾಯಿರಿ, ಪೂರ್ತಿ ಟೈಮ್ ನಿಮ್ಮದಾಗತ್ತೆ. ಮತ್ತೆ ಕಣ್ಣು ಎಡಕ್ಕೆ ತಿರುಗೋ ಗಾಡಿಗಳ ಮೇಲಿರ್ಲಿ. "ಲೆಫ್ಟ್ ಫ್ರೀ" ಅನ್ನೋದು ನಮ್ಮಲ್ಲಿ ಒಂದು ಧರ್ಮದ ಥರ ಆಗಿಬಿಟ್ಟಿದೆ, ಬೋರ್ಡೋ ಹಸಿರು ಬಾಣವೋ ಇಲ್ಲದಿದ್ರೆ ಕೆಂಪು ಅಂದ್ರೆ ಎಡಕ್ಕೂ ಕೆಂಪೇ, ಆದ್ರೆ ಅದನ್ನ ನಂಬಿ ಕಾಲಿಡಬೇಡಿ. ತಿರುಗೋ ಡ್ರೈವರ್ ನೋಡ್ತಿರೋದು ಬಲಗಡೆಯಿಂದ ಬರೋ ಗಾಡಿಗಳನ್ನ, ನೀವು ಇರೋದು ಅವನ ಎಡಗಡೆ.

ಜೊತೆಗೆ ಹೋಗೋರು ಎಲ್ಲಿ ನಿಲ್ಲಬೇಕು ಅನ್ನೋದಕ್ಕೂ ಲೆಕ್ಕ ಇದೆ. ಮೊದಲರ್ಧದಲ್ಲಿ ಗಾಡಿ ಬಲಗಡೆಯಿಂದ ಬರತ್ತೆ, ಆಗ ನೀವು ಅತ್ತೆ ಬಲಕ್ಕೆ. ಡಿವೈಡರ್ ಮೇಲೆ ನಿಂತು ಉಸಿರು ತಗೊಂಡು ಜಾಗ ಬದಲಾಯಿಸಿ, ಎರಡನೇ ಅರ್ಧಕ್ಕೆ ನೀವು ಎಡಕ್ಕೆ. ಫರ್ಗ್ಯುಸನ್ ಕಾಲೇಜ್ (ಎಫ್‌ಸಿ) ರೋಡು, ಜಂಗ್ಲಿ ಮಹಾರಾಜ್ (ಜೆಎಂ) ರೋಡು ಒನ್‌ವೇ, ಅಲ್ಲಿ ಒಂದೇ ಕಡೆ ನೋಡಿದ್ರೆ ಸಾಕು ಅನ್ನಿಸತ್ತೆ, ಆದ್ರೆ ರಾಂಗ್ ಸೈಡಲ್ಲಿ ಅಂಚು ಹಿಡ್ಕೊಂಡು ಬರೋ ಸ್ಕೂಟರ್ ಕುಲ ಒಂದಿದೆ, ಹಾಗಾಗಿ ಎಲ್ಲೇ ಆಗ್ಲಿ ಎರಡೂ ಕಡೆ ನೋಡಲೇಬೇಕು. ನಿಂತಿರೋ ಟೆಂಪೋ ಹಿಂದಿನಿಂದ ಯಾವತ್ತೂ ಇಳೀಬೇಡಿ.

ಕೈ ತೋರಿಸೋದ್ರಲ್ಲಿ ನೀವು ಮಾಡ್ತಿರೋ ತಪ್ಪು ಟೈಮಿಂಗ್ ಇರಬಹುದು. ಗಾಡಿ ಹತ್ತು ಮೀಟರ್ ಹತ್ರ ಬಂದ್ಮೇಲೆ ಕೈ ಎತ್ತಿದ್ರೆ ಅವನಿಗೆ ನಿಲ್ಲಿಸೋಕೆ ಆಗೋದೇ ಇಲ್ಲ, ಮೇಲೆ ಲೆಕ್ಕ ನೋಡಿದ್ರಲ್ಲ. ಇನ್ನೂ ನಲವತ್ತು ಐವತ್ತು ಮೀಟರ್ ದೂರ ಇರುವಾಗ್ಲೇ, ಕಾಲು ಕೆಳಗಿಡೋ ಮುಂಚೆ, ಅಂಗೈ ಅವನ ಕಡೆ ತೋರಿಸಿ, ಮುಖ ನೋಡಿ. ಅವನು ಸ್ಲೋ ಆಗಿದ್ದು ಖಾತ್ರಿ ಆದ್ಮೇಲೆ ಇಳೀರಿ. ನಿಂತ ಗಾಡಿ ಅಂಚಿಗೆ ಬಂದಾಗ ಮತ್ತೆ ನಿಲ್ಲಿ, ಕತ್ತು ಮುಂದೆ ಚಾಚಿ ಪಕ್ಕದ ಲೇನ್ ನೋಡಿ, ಆ ಹೂವಿನ ಆಯಿ ಕಲಿಸಿದ ಪಾಠ ಇದು. ಇಳಿದ ಮೇಲೆ ಒಂದೇ ವೇಗ. ಓಡಬಾರದು, ಗಾಬರಿಯಾಗಿ ಹಿಂದಕ್ಕಂತೂ ಬರಲೇಬಾರದು, ಯಾಕಂದ್ರೆ ಸ್ಕೂಟರ್‌ನೋನು ನೀವು ಮುಂದೆ ಹೋಗ್ತೀರ ಅಂತ ಲೆಕ್ಕ ಹಾಕಿ ನಿಮ್ಮ ಬೆನ್ನ ಹಿಂದಿನಿಂದ ನುಸುಳೋಕೆ ಹ್ಯಾಂಡಲ್ ತಿರುಗಿಸಿರ್ತಾನೆ. ಅತ್ತೆ ಕೋಲಿಗೆ ತಾಗಿದ್ದೂ ಹೀಗೇ ಇರಬಹುದು ಅಂತ ನನ್ನ ಅನುಮಾನ. ಕತ್ತಲಾದ್ಮೇಲೆ ಕೋಲಿಗೆ ಹೊಳೆಯೋ ಟೇಪ್ ಸುತ್ತಿ, ಸೈಕಲ್ ಅಂಗಡೀಲಿ ಸಿಗತ್ತೆ.

ಇದೆಲ್ಲ ಹೇಳ್ತಾ ನನಗೇ ಒಂಥರಾ ಆಗ್ತಿದೆ, ತಪ್ಪು ಮಾಡೋನು ಯಾರೋ, ಕಸರತ್ತು ಮಾಡಬೇಕಾದ್ದು 74ರ ಅಜ್ಜಿ. 2023ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1.72 ಲಕ್ಷ ಜನರಲ್ಲಿ 35,221 ಜನ ನಡ್ಕೊಂಡು ಹೋಗ್ತಿದ್ದವರು, ದಿನಕ್ಕೆ ತೊಂಬತ್ತಾರು. ಇದು ಸರ್ಕಾರದ್ದೇ ಲೆಕ್ಕ. ಹಾಗಾಗಿ ಮುನಿಸಿಪಾಲಿಟಿ ಹತ್ರ ಏನು ಕೇಳಬೇಕು ಅನ್ನೋದನ್ನೂ ಹೇಳ್ತೀನಿ, ಜನ ಸಾಮಾನ್ಯವಾಗಿ ತಪ್ಪಾದ್ದನ್ನ ಕೇಳ್ತಾರೆ.

ಹೆಚ್ಚಿನವರು ಕೇಳೋದು ಓವರ್‌ಬ್ರಿಜ್. ಬೇಡ್ರೀ. ಮಂಡಿ ನೋವಿನವರು ಮೆಟ್ಟಿಲು ಹತ್ತಿ ಇಳಿದು ಗಾಡಿಯೋನಿಗೆ ಎರಡು ಸೆಕೆಂಡ್ ಉಳಿಸಿಕೊಡೋದು ಯಾವ ನ್ಯಾಯ? ಮುಂಬೈನಲ್ಲಿ 2008ರಿಂದ ಬಾಂದ್ರಾದಿಂದ ಶುರು ಮಾಡಿ ಸ್ಕೈವಾಕ್ ಮೇಲೆ ಸ್ಕೈವಾಕ್ ಕಟ್ಟಿದ್ರು, ಎಷ್ಟೋ ಕಡೆ ಜನ ಕೆಳಗೇ ನಡೀತಾರೆ. ನೀವು ಕೇಳಬೇಕಾದ್ದು ಟೇಬಲ್ ಟಾಪ್ ಕ್ರಾಸಿಂಗ್, ಅಂದ್ರೆ ಪಟ್ಟಿ ಇರೋ ಜಾಗದಲ್ಲಿ ರಸ್ತೆನೇ ಫುಟ್‌ಪಾತ್ ಮಟ್ಟಕ್ಕೆ ಎತ್ತರಿಸೋದು. ಅತ್ತೆ ಇಳಿಯೋದು ಹತ್ತೋದು ತಪ್ಪತ್ತೆ, ಗಾಡಿಗೆ ಅದು ಅಗಲವಾದ ಹಂಪ್ ಥರ ಆಗಿ ತಾನಾಗೇ 20, 25ಕ್ಕೆ ಇಳಿಯತ್ತೆ. ಅವನ ಸಂಸ್ಕಾರ ಕಾಯೋದು ಬೇಡ, ಅವನ ಶಾಕ್ ಅಬ್ಸಾರ್ಬರ್ ನೋಡ್ಕೊಳತ್ತೆ. ಜೊತೆಗೆ ಡಿವೈಡರ್‌ನಲ್ಲಿ ಇಬ್ಬರು ಆರಾಮಾಗಿ ನಿಲ್ಲೋಷ್ಟು, ವೀಲ್‌ಚೇರ್ ಹಿಡಿಸೋಷ್ಟು ಜಾಗ, ಸ್ಕೂಟರ್ ನುಗ್ಗದ ಹಾಗೆ ಗೂಟ. ಮತ್ತೆ ಕ್ರಾಸಿಂಗ್‌ಗಿಂತ ಮುಂಚಿನ ಒಂದಷ್ಟು ಮೀಟರ್ ಪಾರ್ಕಿಂಗ್ ತೆಗೆಸೋದು, ಇದಕ್ಕೆ ಖರ್ಚೇ ಇಲ್ಲ, ಆದ್ರೆ ಗಲಾಟೆ ಇದಕ್ಕೇ ಜಾಸ್ತಿ ಆಗೋದು.

ಇದು ಪುಣೆಯಲ್ಲಿ ಆಗದೇ ಇರೋ ಮಾತೇನಲ್ಲ. ಜೆಎಂ ರೋಡಿನ ಅಗಲ ಮಾಡಿದ ಫುಟ್‌ಪಾತ್ ಮೇಲೆ ಅತ್ತೇನ ಒಂದು ಸಲ ನಡೆಸ್ಕೊಂಡು ಬನ್ನಿ, ವ್ಯತ್ಯಾಸ ಕಾಲಿಗೇ ಗೊತ್ತಾಗತ್ತೆ. ಪುಣೆ ಮಹಾನಗರಪಾಲಿಕೆ 2016ರಲ್ಲೇ ಪಾದಚಾರಿ ಧೋರಣೆ, ಅಂದ್ರೆ ಪಾಲಿಸಿ, ಅಂತ ಮಾಡ್ಕೊಂಡಿದೆ, 2021ರಿಂದ ಡಿಸೆಂಬರ್ 11ಕ್ಕೆ ಲಕ್ಷ್ಮೀ ರೋಡಲ್ಲಿ ಗಾಡಿ ಓಡಾಟ ನಿಲ್ಲಿಸಿ ಪಾದಚಾರಿ ದಿನ ಮಾಡ್ತಾರೆ. ವರ್ಷದಲ್ಲಿ ಒಂದು ದಿನ ಅಮ್ಮನ ದಿನ ಮಾಡಿದ ಹಾಗೆ ಅಂತ ನಾನು ಚೇಷ್ಟೆ ಮಾಡ್ತಿರ್ತೀನಿ, ಆದ್ರೂ ಅವರೇ ಬರ್ಕೊಂಡಿರೋ ಧೋರಣೆ ಅರ್ಜಿಯಲ್ಲಿ ಎತ್ತಿ ತೋರಿಸೋಕೆ ಉಪಯೋಗಕ್ಕೆ ಬರತ್ತೆ. 2025ರ ಮೇನಲ್ಲಿ ಸುಪ್ರೀಂ ಕೋರ್ಟ್ ಫುಟ್‌ಪಾತ್ ಬಳಸೋ ಹಕ್ಕು ಸಂವಿಧಾನದ 21ನೇ ವಿಧಿಯ ಜೀವಿಸೋ ಹಕ್ಕಿನ ಭಾಗ ಅಂತ ಹೇಳಿದೆ, ಅದೇ ವರ್ಷ ಅಕ್ಟೋಬರ್‌ನಲ್ಲಿ ಪಾದಚಾರಿಗಳ ಸುರಕ್ಷತೆಗೆ ನಿಯಮ ಮಾಡಿ ಅಂತ ರಾಜ್ಯಗಳಿಗೆ ಆರು ತಿಂಗಳ ಗಡುವು ಕೊಟ್ಟಿದೆ. ಈ ಎರಡು ಸಾಲು ಸೇರಿಸಿ. ಪಾಲಿಕೆಯ ಪಿಎಂಸಿ ಕೇರ್ ಆಪ್‌ನಲ್ಲಿ ಫೋಟೋ ಸಮೇತ ಹಾಕಿ, ವಾರ್ಡ್ ಆಫೀಸಿಗೆ ಪೇಪರ್ ಮೇಲೂ ಕೊಡಿ, ಇನ್‌ವರ್ಡ್ ಸೀಲ್ ಇಲ್ಲದೇ ವಾಪಸ್ ಬರಬೇಡಿ. ಒಬ್ಬರೇ ಹೋಗೋದಕ್ಕಿಂತ ಸೊಸೈಟಿಯ ಹತ್ತು ಹಿರಿಯರ ಸಹಿ ಇದ್ರೆ ತೂಕ, ಅರ್ಜಿ ಮರಾಠಿಯಲ್ಲಿರ್ಲಿ.

ಟ್ರಾಫಿಕ್ ಮಾಮಾಗಳ, ಅಂದ್ರೆ ಪೊಲೀಸರ, ವಿಷಯ. ಅವರನ್ನ ಬೈದು ಪ್ರಯೋಜನ ಇಲ್ಲ, ಹೆಲ್ಮೆಟ್ ಇಲ್ಲದೋನ ಫೋಟೋ ತೆಗೆಯೋದು ಸುಲಭ, ಪಟ್ಟಿ ಹತ್ರ ದಾರಿ ಬಿಡದೇ ಹೋದ ಅಂತ ಸಾಬೀತು ಮಾಡೋಕೆ ಯಾರಾದ್ರೂ ನಿಂತು ನೋಡಬೇಕು. ಆದ್ರೂ ಒಂದು ಉಪಾಯ ಇದೆ, 10 ರೂಪಾಯಿ ಕಟ್ಟಿ ಆರ್‌ಟಿಐ ಹಾಕಿ, ನಮ್ಮ ವಿಭಾಗದಲ್ಲಿ ಕಳೆದ ಒಂದು ವರ್ಷದಲ್ಲಿ ಪಾದಚಾರಿಗಳಿಗೆ ದಾರಿ ಬಿಡದಿದ್ದಕ್ಕೆ ಎಷ್ಟು ಚಲನ್ ಆಗಿದೆ, ಜೀಬ್ರಾ ಮೇಲೆ ನಿಲ್ಲಿಸಿದ್ದಕ್ಕೆ ಎಷ್ಟು, ಹೆಲ್ಮೆಟ್‌ಗೆ ಎಷ್ಟು, ಈ ಮೂರೇ ಪ್ರಶ್ನೆ. ಮೂವತ್ತು ದಿನದಲ್ಲಿ ಉತ್ತರ ಬರಬೇಕು. ಆ ಮೂರು ನಂಬರ್ ಪಕ್ಕಪಕ್ಕದಲ್ಲಿಟ್ಟು ಲೋಕಲ್ ಪೇಪರಿಗೆ ಕೊಡಿ. ಕೊಲಂಬಿಯಾದ ಬೊಗೊಟಾದಲ್ಲಿ ತೊಂಬತ್ತರ ದಶಕದಲ್ಲಿ ಅಂತಾನಸ್ ಮೋಕಸ್ ಅನ್ನೋ ಮೇಯರ್ ಚೌಕಗಳಲ್ಲಿ ಮೂಕಾಭಿನಯದವರನ್ನ ನಿಲ್ಲಿಸಿ ಪಟ್ಟಿ ಮೇಲೆ ಬಂದ ಡ್ರೈವರ್‌ಗಳನ್ನ ಅಣಕಿಸೋ ಹಾಗೆ ಮಾಡಿದ್ದ, ದಂಡಕ್ಕೆ ಹೆದರದ ಜನ ನಗೆಪಾಟಲಿಗೆ ಹೆದರ್ತಾರೆ ಅಂತ. ಪುಣೇಕರರ ನಾಲಿಗೆ ನೋಡಿದ್ರೆ ಇಲ್ಲಿ ಅದಕ್ಕೆ ಬೇರೆ ಕಲಾವಿದರು ಬೇಕಾಗಲ್ಲ ಬಿಡಿ.

ಆಗಬಾರದು, ಆದ್ರೂ ತಾಗಿದ್ರೆ: "ಹೋಗ್ಲಿ ಬಿಡಿ ಏನೂ ಆಗಿಲ್ಲ" ಅಂತ ಗಾಡೀನ ಕಳಿಸಬೇಡಿ, ವಯಸ್ಸಾದವರಿಗೆ ಸೊಂಟದ ಮೂಳೆ ಬಿರುಕು ಮನೆಗೆ ಬಂದ್ಮೇಲೆ ಗೊತ್ತಾಗತ್ತೆ. ನಂಬರ್ ಫೋಟೋ, ಪಟ್ಟಿ ಕಾಣೋ ಹಾಗೆ ಜಾಗದ ಫೋಟೋ, 112ಕ್ಕೆ ಫೋನ್, ಆಂಬುಲೆನ್ಸ್ 108. ಪಟ್ಟಿ ಮೇಲೆ ದಾಟ್ತಿದ್ದರು ಅನ್ನೋದಕ್ಕೆ ಸಾಕ್ಷಿ ಇದ್ರೆ ಅಪಘಾತ ಪರಿಹಾರದ ಕ್ಲೈಮ್ ಟ್ರಿಬ್ಯುನಲ್‌ನಲ್ಲಿ "ತಪ್ಪು ಅಜ್ಜಿದೇ" ಅನ್ನೋ ವಾದ ನಿಲ್ಲೋದು ಕಷ್ಟ. 2025ರಿಂದ ರಸ್ತೆ ಅಪಘಾತಕ್ಕೆ ಏಳು ದಿನದವರೆಗೆ ಒಂದೂವರೆ ಲಕ್ಷದ ನಗದುರಹಿತ ಚಿಕಿತ್ಸೆ ಯೋಜನೆ ಇದೆ, ನೋಂದಾಯಿತ ಆಸ್ಪತ್ರೆಯಲ್ಲಿ ಕೇಳಿ. ಗುದ್ದಿ ಓಡಿ ಹೋಗಿ ಗಾಡಿ ಸಿಗಲೇ ಇಲ್ಲ ಅಂದ್ರೂ ತೀವ್ರ ಗಾಯಕ್ಕೆ 50,000, ಸಾವಾದ್ರೆ 2 ಲಕ್ಷ ಪರಿಹಾರ ಕಾನೂನಲ್ಲೇ ಇದೆ.

ಈ ವಾರ ಒಂದು ಕೆಲಸ ಮಾಡಿ. ಸೊಸೈಟಿ ಒಳಗೆ ಹತ್ತು ಮೀಟರ್ ಅಳೆದು ಸೀಮೆಸುಣ್ಣದಲ್ಲಿ ಗೆರೆ ಹಾಕಿ, ಅತ್ತೇನ ಅವರ ಪಾಡಿಗೆ ನಡೆಯೋಕೆ ಹೇಳಿ, ಮೊಬೈಲ್ ಸ್ಟಾಪ್‌ವಾಚಲ್ಲಿ ಎಷ್ಟು ಸೆಕೆಂಡ್ ಆಯ್ತು ನೋಡಿ. ಆಮೇಲೆ ನಿಮ್ಮ ಚೌಕಕ್ಕೆ ಹೋಗಿ ನಡೆಯೋರ ಹಸಿರು ಎಷ್ಟು ಸೆಕೆಂಡ್ ಇರತ್ತೆ, ಅಥವಾ ಅಂಥ ಹಸಿರು ಇದ್ಯಾ ಇಲ್ವಾ, ಬರ್ಕೊಳ್ಳಿ. ಎರಡೂ ಸಂಖ್ಯೆ ಅರ್ಜಿಯ ಮೊದಲನೇ ಸಾಲಲ್ಲೇ ಇರ್ಲಿ. ನನಗೂ ಕಳಿಸಿ, ಡಿವೈಡರ್ ಹತ್ರದ ಒಂದು ಫೋಟೋ ಜೊತೆಗೆ, ಟೇಬಲ್ ಟಾಪ್ ಎಲ್ಲಿ ಕೂರತ್ತೆ ಅಂತ ಒಂದು ಸ್ಕೆಚ್ ಹಾಕಿ ಕೊಡ್ತೀನಿ, ಅರ್ಜಿಗೆ ಲಗತ್ತಿಸಬಹುದು.